ಕೂಡುವಲ್ಲೇ ಕಷ್ಟ

ಒಡವೆ ಅಂಗಡಿಯಲ್ಲಿ ‘ಅಮೆರಿಕನ್ ಡೈಮಂಡ್’ ಎಂದು ಕೊಡುವ ಹರಳು, ಕೊರೆದು ಮುಗಿಸಿದ ಹಲ್ಲಿಗೆ ದಂತವೈದ್ಯರು ತೊಡಿಸುವ ಬಿಳಿ ಕ್ಯಾಪು, ಬಿಎಸ್-6 ಬೈಕಿನ ಹೊಗೆ ಕೊಳವೆಗೆ ಬಿಗಿದಿರುವ ಆಮ್ಲಜನಕದ ಸೆನ್ಸರ್: ಈ ಮೂರರಲ್ಲೂ ಸಾಮಾನ್ಯವಾಗಿ ಇರುವುದು ಒಂದೇ ಪದಾರ್ಥ. ಅದು ಜಿರ್ಕೋನಿಯಮ್ ಲೋಹದ ಆಕ್ಸೈಡು, ಹೆಸರು ಜಿರ್ಕೋನಿಯ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಯ ಕಡಲ ಮರಳಿನಲ್ಲಿ ಸಿಗುವ ಜಿರ್ಕಾನ್ ಖನಿಜದಿಂದ ಅದನ್ನು ತೆಗೆಯಬಹುದು. ಕರಗಿಸಬೇಕೆಂದರೆ 2,700 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಬೇಕು. ತಣ್ಣಗಿರುವಾಗ ವಿದ್ಯುತ್ತನ್ನು ಹರಿಯಗೊಡುವುದಿಲ್ಲ.

ಕೆಂಪಗೆ ಕಾದಾಗ ಮಾತ್ರ ಅದರ ನಡತೆ ಬದಲಾಗುತ್ತದೆ. ಆಮ್ಲಜನಕ ಅದರ ಗಟ್ಟಿ ಮೈಯೊಳಗಿನಿಂದಲೇ ಹಾದುಹೋಗತೊಡಗುತ್ತದೆ. ಬಿರುಕಿಲ್ಲ, ತೂತಿಲ್ಲ, ಜೋರಾಗಿ ಗಾಳಿ ಊದಿದರೂ ಆಚೆ ಬದಿಗೆ ಒಂದು ಗುಳ್ಳೆ ಬಾರದು. ಆದರೂ ಆಮ್ಲಜನಕದ ಅಯಾನುಗಳು ಒಂದು ಬದಿಯಲ್ಲಿ ಹೊಕ್ಕು ಇನ್ನೊಂದು ಬದಿಯಲ್ಲಿ ಹೊರಡುತ್ತವೆ. ಇಂಧನವನ್ನು ಜ್ವಾಲೆಯಿಲ್ಲದೆ ವಿದ್ಯುತ್ತಾಗಿ ಬದಲಿಸುವ ಅಧಿಕ ಉಷ್ಣತೆಯ ಇಂಧನ ಕೋಶ ನಿಂತಿರುವುದೇ ಈ ಗುಣದ ಮೇಲೆ.

ಈ ಗುಣ ಗೊತ್ತಾಗಿ 125 ವರ್ಷ ದಾಟಿತು. ಕೋಶ ಮಾತ್ರ ಇನ್ನೂ ನಮ್ಮ ಬೀದಿಗಳಿಗೆ ಬಂದಿಲ್ಲ. ಇಷ್ಟು ಕಾಲ ವಿಜ್ಞಾನಿಗಳು ಏನು ಮಾಡುತ್ತಿದ್ದರು? ಒಂದೇ ಮಾತಿನಲ್ಲಿ ಹೇಳುವುದಾದರೆ, ಜಿರ್ಕೋನಿಯ ತನ್ನ ಪಕ್ಕದ ಪದಾರ್ಥವನ್ನು ಮುಟ್ಟುವ ಗೆರೆಯನ್ನು ಸಂಭಾಳಿಸುತ್ತಿದ್ದರು. ಇಂಧನ ಕೋಶದಲ್ಲಿ ಕಲಿತ ಅದೇ ಪಾಠ ಈಗ ಬ್ಯಾಟರಿಗಳಿಗೂ ಬೇಕಾಗಿದೆ.

ಬೆಂಕಿಕಡ್ಡಿ ಗೀರಿ ಹಚ್ಚುವ ವಿದ್ಯುದ್ದೀಪ

ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾಲಯದ ವಾಲ್ಟರ್ ನೆರ್ನ್ಸ್ಟ್ 1897ರಲ್ಲಿ ಹೊಸ ಬಗೆಯ ದೀಪವೊಂದಕ್ಕೆ ಪೇಟೆಂಟ್ ಪಡೆಯಲು ಹೊರಟಿದ್ದರು. ಆಗಿನ ಬಲ್ಬುಗಳಲ್ಲಿ ಬೆಳಗುತ್ತಿದ್ದದ್ದು ಇಂಗಾಲದ ತಂತು. ಗಾಳಿ ತಾಗಿದರೆ ಅದು ಉರಿದುಹೋಗುತ್ತಿತ್ತು, ಹಾಗಾಗಿ ಗಾಜಿನ ಬುರುಡೆಯಿಂದ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕಿತ್ತು. ನೆರ್ನ್ಸ್ಟ್ ಯೋಚಿಸಿದ್ದು ಹೀಗೆ: ಮೊದಲೇ ಆಕ್ಸೈಡ್ ಆಗಿರುವ ಪದಾರ್ಥಕ್ಕೆ ಗಾಳಿಯ ಭಯವೇಕೆ? ಜಿರ್ಕೋನಿಯಕ್ಕೆ ಶೇ 15ರಷ್ಟು ಇಟ್ರಿಯಮ್ ಆಕ್ಸೈಡ್, ಅಂದರೆ ಇಟ್ರಿಯ, ಬೆರೆಸಿ ಸಣ್ಣ ಕಡ್ಡಿ ಮಾಡಿದರು. ತಣ್ಣಗಿರುವಾಗ ಅದರಲ್ಲಿ ವಿದ್ಯುತ್ತು ಹರಿಯದ್ದರಿಂದ ಮೊದಲ ದೀಪಗಳನ್ನು ಬೆಂಕಿಕಡ್ಡಿಯಿಂದಲೋ ಸ್ಪಿರಿಟ್ ದೀಪದಿಂದಲೋ ಬಿಸಿ ಮಾಡಬೇಕಿತ್ತು. ಒಮ್ಮೆ ಕಾದರೆ ವಿದ್ಯುತ್ತು ಹರಿಯತೊಡಗಿ, ಹರಿದ ವಿದ್ಯುತ್ತೇ ಕಡ್ಡಿಯನ್ನು ಇನ್ನಷ್ಟು ಕಾಯಿಸಿ, ಬೆಳ್ಳನೆಯ ಬೆಳಕು ಬರುತ್ತಿತ್ತು. ಜರ್ಮನಿಯ ಎಇಜಿ ಕಂಪನಿ ಹಕ್ಕು ಕೊಂಡಿತು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅದರ ಮಂಟಪ ಈ ದೀಪಗಳಿಂದ ಝಗಝಗಿಸಿತು. ಟಂಗ್‌ಸ್ಟನ್ ತಂತು ಬಂದ ಮೇಲೆ ಈ ದೀಪ ಮೂಲೆ ಸೇರಿತು.

ಕಡ್ಡಿಯೊಳಗೆ ಹರಿಯುತ್ತಿರುವುದು ತಾಮ್ರದ ತಂತಿಯಲ್ಲಿ ಹರಿಯುವ ಎಲೆಕ್ಟ್ರಾನ್ ಅಲ್ಲ, ಅಯಾನು ಎಂದು ನೆರ್ನ್ಸ್ಟ್ ಊಹಿಸಿದ್ದರು. ಉಪ್ಪು ನೀರಿನಲ್ಲಿ ಅಯಾನು ಚಲಿಸುವುದು ಎಲ್ಲರಿಗೂ ಗೊತ್ತಿತ್ತು. ಕಲ್ಲಿನಂಥ ಘನದಲ್ಲಿ ಅದು ಹೇಗೆ ನಡೆದೀತು? ಉತ್ತರಕ್ಕೆ ಇನ್ನೂ ನಾಲ್ಕು ದಶಕ ಕಾಯಬೇಕಾಯಿತು. 1943ರಲ್ಲಿ ಕಾರ್ಲ್ ವಾಗ್ನರ್ ಅದನ್ನು ಬಿಡಿಸಿ ಹೇಳಿದರು.

ಖಾಲಿ ಎಲೆ

ಜಿರ್ಕೋನಿಯದ ಹರಳಿನಲ್ಲಿ ಒಂದೊಂದು ಜಿರ್ಕೋನಿಯಮ್ ಪರಮಾಣುವಿಗೆ ಎರಡೆರಡು ಆಮ್ಲಜನಕ. ಜಿರ್ಕೋನಿಯಮ್ಮಿನದು ನಾಲ್ಕು ಧನ ಆವೇಶ, ಆಮ್ಲಜನಕದ್ದು ತಲಾ ಎರಡು ಋಣ ಆವೇಶ; ಲೆಕ್ಕ ಸರಿಹೋಗುತ್ತದೆ. ಈಗ ಕೆಲವು ಜಿರ್ಕೋನಿಯಮ್ ಜಾಗಕ್ಕೆ ಇಟ್ರಿಯಮ್ ತಂದು ಕೂರಿಸಿದರೆ? ಇಟ್ರಿಯಮ್ಮಿನದು ಮೂರೇ ಧನ ಆವೇಶ. ಎರಡು ಇಟ್ರಿಯಮ್ ಬಂದರೆ ಎರಡು ಧನ ಆವೇಶ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಹರಳು ಒಂದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಅದರ ಸ್ಥಾನ ತೆರವಾಗಿ ಉಳಿಯುತ್ತದೆ.

ಮದುವೆ ಮನೆಯ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಉಳಿದರೆ ಬಡಿಸುವವರು ‘ಈಚೆ ಸರಿಯಿರಿ’ ಎನ್ನುತ್ತಾರೆ. ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಜಾಗಕ್ಕೆ ಮತ್ತೊಬ್ಬರು. ಜನ ಒಂದು ದಿಕ್ಕಿಗೆ ಸರಿದಂತೆ ಖಾಲಿ ಎಲೆ ಎದುರು ದಿಕ್ಕಿಗೆ ಸಾಗಿ ಸಾಲಿನ ಕೊನೆಗೆ ತಲುಪುತ್ತದೆ. ಎಲ್ಲ ಎಲೆಯೂ ತುಂಬಿದ್ದರೆ ಯಾರೂ ಕದಲುವಂತಿಲ್ಲ. ಹರಳಿನೊಳಗೂ ಹೀಗೆಯೇ. ಎಲ್ಲ ಸ್ಥಾನವೂ ತುಂಬಿರುವ ದೋಷವಿಲ್ಲದ ಹರಳಿನಲ್ಲಿ ಆಮ್ಲಜನಕಕ್ಕೆ ದಾರಿಯಿಲ್ಲ. ದಾರಿ ಮಾಡಿಕೊಡುವುದು ನಾವು ಬೇಕೆಂದೇ ಸೇರಿಸಿದ ಕೊರತೆ.

ಇಂಧನ ಕೋಶಗಳಲ್ಲಿ ಹೆಚ್ಚಾಗಿ ಬಳಸುವ ಮಿಶ್ರಣದಲ್ಲಿ 100 ಅಣುಗಳಿಗೆ 8 ಇಟ್ರಿಯ. ಲೆಕ್ಕ ಹಾಕಿದರೆ ಸುಮಾರು 27 ಆಮ್ಲಜನಕ ಸ್ಥಾನಗಳಿಗೆ ಒಂದು ಖಾಲಿ. ಹಾಗಾದರೆ ಇನ್ನಷ್ಟು ಇಟ್ರಿಯ ಸುರಿದು ಇನ್ನಷ್ಟು ತೆರವು ಮಾಡಬಾರದೇಕೆ? ಮಾಡಿದರೆ ಹರಿವು ಇಳಿಯುತ್ತದೆ. ತೆರವುಗಳು ಇಟ್ರಿಯಮ್ಮಿನ ಪಕ್ಕಕ್ಕೆ, ಒಂದರ ಪಕ್ಕ ಇನ್ನೊಂದು ಅಂಟಿಕೊಂಡು, ಓಡಾಟ ನಿಲ್ಲಿಸುತ್ತವೆ. ಇಟ್ರಿಯದಿಂದ ಇನ್ನೊಂದು ಉಪಕಾರವೂ ಇದೆ. ಶುದ್ಧ ಜಿರ್ಕೋನಿಯ 1,170 ಡಿಗ್ರಿಯ ಸುತ್ತ ತನ್ನ ಹರಳಿನ ರಚನೆಯನ್ನೇ ಬದಲಿಸುತ್ತದೆ. ತಣಿಯುವಾಗ ಹಿಗ್ಗಿ ಸೀಳಿಹೋಗುತ್ತದೆ. ಸಾಕಷ್ಟು ಇಟ್ರಿಯ ಬೆರೆತರೆ ಘನಾಕೃತಿಯ ರಚನೆ ಕೋಣೆಯ ಉಷ್ಣತೆಯವರೆಗೂ ಉಳಿದುಕೊಳ್ಳುತ್ತದೆ.

ಸರಿಯುವುದಕ್ಕೆ ಶಕ್ತಿ ಬೇಕು, ಶಾಖ ಬೇಕಾಗುವುದು ಅದಕ್ಕೇ. 1,000 ಡಿಗ್ರಿಯಲ್ಲಿ ಇರುವ ವಾಹಕತೆ 600 ಡಿಗ್ರಿಗೆ ಬರುವ ಹೊತ್ತಿಗೆ ಇಪ್ಪತ್ತರಲ್ಲಿ ಒಂದು ಪಾಲಿಗೂ ಕೆಳಗೆ ಇಳಿದಿರುತ್ತದೆ. ಬೈಕಿನ ಸೆನ್ಸರ್ ಕೂಡ ಸುಮಾರು 300 ಡಿಗ್ರಿ ದಾಟಿದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು. ಅದರ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಎಂಜಿನ್ನಿನ ಹೊಗೆ. ಎರಡು ಬದಿಯ ಆಮ್ಲಜನಕದಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದಕ್ಕೆ ತಕ್ಕ ವೋಲ್ಟೇಜ್ ಹುಟ್ಟುತ್ತದೆ; ಅದನ್ನು ಓದಿ ಎಂಜಿನ್ನಿನ ಕಂಪ್ಯೂಟರು ಪೆಟ್ರೋಲಿನ ಪ್ರಮಾಣ ತಿದ್ದುತ್ತದೆ. ವ್ಯತ್ಯಾಸಕ್ಕೂ ವೋಲ್ಟೇಜಿಗೂ ಇರುವ ಸಂಬಂಧದ ಸಮೀಕರಣ ಬರೆದವರು ಇದೇ ನೆರ್ನ್ಸ್ಟ್. ಬಾಷ್ ಕಂಪನಿ ಈ ಸೆನ್ಸರನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಮೊದಲು ಅಳವಡಿಸಿಕೊಂಡದ್ದು ವೋಲ್ವೊ ಕಾರುಗಳು.

ಜ್ವಾಲೆಯಿಲ್ಲದ ದಹನ

ಸೆನ್ಸರಿನ ಹೊಗೆಯ ಬದಿಗೆ ಜಲಜನಕ ಹಾಯಿಸಿದರೆ ಅದೇ ಇಂಧನ ಕೋಶ. ಗಾಳಿಯ ಬದಿಯ ಕ್ಯಾಥೋಡಿನಲ್ಲಿ ಆಮ್ಲಜನಕ ಎಲೆಕ್ಟ್ರಾನ್ ಪಡೆದು ಅಯಾನಾಗುತ್ತದೆ. ಅಯಾನು ಬಿಸಿ ಜಿರ್ಕೋನಿಯ ದಾಟಿ ಆನೋಡಿಗೆ ಬಂದು ಜಲಜನಕದೊಂದಿಗೆ ಸೇರಿ ಹಬೆಯಾಗುತ್ತದೆ. ತಾನು ತಂದ ಎಲೆಕ್ಟ್ರಾನುಗಳನ್ನು ಅಲ್ಲಿ ಬಿಡುತ್ತದೆ. ಆ ಎಲೆಕ್ಟ್ರಾನುಗಳಿಗೆ ಜಿರ್ಕೋನಿಯದೊಳಗೆ ಪ್ರವೇಶವಿಲ್ಲ. ಕ್ಯಾಥೋಡಿಗೆ ಮರಳಬೇಕಾದರೆ ಹೊರಗಿನ ತಂತಿ ಹಿಡಿದೇ ಹೋಗಬೇಕು. ತಂತಿಯಲ್ಲಿ ಸಿಗುವುದೇ ನಮಗೆ ಬೇಕಾದ ಕರೆಂಟು. ಉಷ್ಣಸ್ಥಾವರದಲ್ಲಿ ಇಂಧನ ಮೊದಲು ಶಾಖವಾಗಿ, ಶಾಖ ಹಬೆಯ ಒತ್ತಡವಾಗಿ, ಒತ್ತಡ ಚಕ್ರದ ತಿರುಗಾಟವಾಗಿ, ಕೊನೆಗೆ ವಿದ್ಯುತ್ತಾಗುತ್ತದೆ. ಇಲ್ಲಿ ಈ ಸುತ್ತು ದಾರಿ ಇಲ್ಲ. ಒಳ್ಳೆಯ ಕೋಶ ಇಂಧನದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿದ್ಯುತ್ತಾಗಿಸುತ್ತದೆ. ಉಳಿದ ಶಾಖವೂ 700–800 ಡಿಗ್ರಿಯಷ್ಟು ಬಿಸಿ ಇರುವುದರಿಂದ ಕೆಲಸಕ್ಕೆ ಬರುತ್ತದೆ. ಇಷ್ಟು ಬಿಸಿಯಲ್ಲಿ ನೈಸರ್ಗಿಕ ಅನಿಲ ನಿಕ್ಕಲ್ಲಿನ ಮೇಲೆ ತಾನೇ ಹಬೆಯೊಂದಿಗೆ ಒಡೆದುಕೊಳ್ಳುತ್ತದೆ. ಹೀಗಾಗಿ ಶುದ್ಧ ಜಲಜನಕಕ್ಕೇ ಕಾಯಬೇಕಿಲ್ಲ.

ಇಂಧನ ಕೋಶದ ಕಲ್ಪನೆ ಇನ್ನೂ ಹಳೆಯದು. ವಿಲಿಯಂ ಗ್ರೋವ್ 1839ರಲ್ಲೇ ಆಮ್ಲದಲ್ಲಿ ಪ್ಲಾಟಿನಮ್ ಅದ್ದಿ ಅನಿಲಗಳಿಂದ ವಿದ್ಯುತ್ತು ತೆಗೆದಿದ್ದರು. ನೆರ್ನ್ಸ್ಟ್‌ನ ಜಿರ್ಕೋನಿಯ ಹಾಕಿ ಕೋಶ ಮಾಡಿದವರು ಎಮಿಲ್ ಬಾವರ್ ಮತ್ತು ಹಾನ್ಸ್ ಪ್ರೈಸ್, 1937ರಲ್ಲಿ, ಝೂರಿಕ್‌ನಲ್ಲಿ. 1,000 ಡಿಗ್ರಿಯಲ್ಲಿ ಕರೆಂಟು ಬಂತು, ಆದರೆ ತೀರ ಕಡಿಮೆ. ತತ್ತ್ವ ಸರಿಯಾಗಿತ್ತು, ಪದಾರ್ಥವೂ ಸರಿಯಾಗಿತ್ತು. ತೊಡಕು ಬೇರೆ ಕಡೆ ಇತ್ತು.

ನೆರೆಹೊರೆಯ ತಕರಾರು

ಕೋಶ ಎಂದರೆ ಕನಿಷ್ಠ ನಾಲ್ಕು ಪದರ: ಆನೋಡ್, ಜಿರ್ಕೋನಿಯದ ಎಲೆಕ್ಟ್ರೋಲೈಟ್, ಕ್ಯಾಥೋಡ್, ಮತ್ತು ಒಂದು ಕೋಶವನ್ನು ಮುಂದಿನದಕ್ಕೆ ಜೋಡಿಸುವ ಲೋಹದ ತಟ್ಟೆ. ಒಂದು ಕೋಶದ ವೋಲ್ಟೇಜ್ ಒಂದು ವೋಲ್ಟಿನ ಆಸುಪಾಸು, ಆದ್ದರಿಂದ ಹತ್ತಾರು ಕೋಶಗಳನ್ನು ಒಂದರ ಮೇಲೊಂದು ಪೇರಿಸಿ ಸ್ಟ್ಯಾಕ್ ಮಾಡಬೇಕು. ಅಂಚಿನಲ್ಲಿ ಇಂಧನ ಮತ್ತು ಗಾಳಿ ಬೆರೆಯದಂತೆ ಗಾಜಿನ ಬೆಸುಗೆ. ಇಷ್ಟನ್ನೂ 800 ಡಿಗ್ರಿಗೆ ಏರಿಸಬೇಕು, ಇಳಿಸಬೇಕು, ಮತ್ತೆ ಏರಿಸಬೇಕು, ವರ್ಷಗಟ್ಟಲೆ.

ಕಾಯಿಸಿದರೆ ಎಲ್ಲವೂ ಹಿಗ್ಗುತ್ತವೆ, ಆದರೆ ಒಂದೇ ಅಳತೆಯಲ್ಲಿ ಅಲ್ಲ. ಒಂದು ಮೀಟರ್ ಉದ್ದದ ಇಟ್ರಿಯ ಬೆರೆತ ಜಿರ್ಕೋನಿಯ ಪ್ರತಿ ಡಿಗ್ರಿಗೆ ಒಂದು ಮೀಟರಿನ ಹತ್ತು ಲಕ್ಷದ ಹತ್ತೂವರೆ ಭಾಗದಷ್ಟು ಹಿಗ್ಗುತ್ತದೆ. ಆಮ್ಲಜನಕವನ್ನು ಚುರುಕಾಗಿ ಅಯಾನಾಗಿಸುವ ಕೋಬಾಲ್ಟ್ ಆಕ್ಸೈಡುಗಳು ಅದರ ಇಮ್ಮಡಿಯ ಹತ್ತಿರ ಹಿಗ್ಗುತ್ತವೆ. ಬಿಡಿಯಾಗಿ ಪರೀಕ್ಷಿಸಿದರೆ ಅತ್ಯುತ್ತಮ ಎನಿಸುವ ಕ್ಯಾಥೋಡು ಜಿರ್ಕೋನಿಯದ ಮೇಲೆ ಕೂತಾಗ ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದಲೇ ದಶಕಗಳ ಕಾಲ ಲ್ಯಾಂಥನಮ್, ಸ್ಟ್ರಾಂಷಿಯಮ್, ಮ್ಯಾಂಗನೀಸ್ ಸೇರಿದ ಆಕ್ಸೈಡನ್ನು ಆರಿಸಿಕೊಂಡರು. ಅದರ ಚುರುಕು ಕಡಿಮೆ, ಆದರೆ ಹಿಗ್ಗುವಿಕೆಯಲ್ಲಿ ಜಿರ್ಕೋನಿಯಕ್ಕೆ ಹೊಂದುತ್ತದೆ.

ಹೊಂದಿದರೂ ಸಮಸ್ಯೆ ಮುಗಿಯಲಿಲ್ಲ. ತಯಾರಿಕೆಯ ವೇಳೆ ಬಿಸಿ ಜಾಸ್ತಿಯಾದರೆ ಕ್ಯಾಥೋಡಿನ ಲ್ಯಾಂಥನಮ್ ಜಿರ್ಕೋನಿಯದೊಂದಿಗೆ ಕೂಡಿ ಲ್ಯಾಂಥನಮ್ ಜಿರ್ಕೋನೇಟ್ ಎಂಬ ಹೊಸ ಪದರ ಹುಟ್ಟುತ್ತದೆ. ಸ್ಟ್ರಾಂಷಿಯಮ್ ಹೆಚ್ಚಿದ್ದರೆ ಸ್ಟ್ರಾಂಷಿಯಮ್ ಜಿರ್ಕೋನೇಟ್. ಎರಡೂ ಆಮ್ಲಜನಕಕ್ಕೆ ಬಹುಮಟ್ಟಿಗೆ ಮುಚ್ಚಿದ ಬಾಗಿಲು. ಯಾರೂ ಹಾಕದ ತೆಳು ಗೋಡೆಯೊಂದು ತಾನಾಗಿ ಎದ್ದು ನಿಂತಂತಾಯಿತು. ಹೀಗಾಗಿ ಕಬ್ಬಿಣ-ಕೋಬಾಲ್ಟಿನ ಚುರುಕು ಕ್ಯಾಥೋಡ್ ಬೇಕೆಂದವರು ಅದಕ್ಕೂ ಜಿರ್ಕೋನಿಯಕ್ಕೂ ನಡುವೆ ಸೀರಿಯಮ್ ಆಕ್ಸೈಡಿನ, ಅಂದರೆ ಸೀರಿಯದ, ತಡೆಪದರ ಹಾಕಬೇಕಾಯಿತು.

ಆನೋಡಿನ ಕಥೆಯೂ ಗೆರೆಯದೇ ಕಥೆ. ಜಲಜನಕ ಆಮ್ಲಜನಕದ ಅಯಾನನ್ನು ಸಂಧಿಸಬೇಕಾದರೆ ಒಂದೇ ಬಿಂದುವಿನಲ್ಲಿ ಮೂರು ಇರಬೇಕು: ಅನಿಲ ಬರಲು ರಂಧ್ರ, ಅಯಾನು ಬರಲು ಜಿರ್ಕೋನಿಯ, ಎಲೆಕ್ಟ್ರಾನ್ ಹೋಗಲು ಲೋಹ. ಬರೀ ನಿಕ್ಕಲ್ ಲೇಪಿಸಿದರೆ ಅಂಥ ಬಿಂದುಗಳು ಅಂಚಿನಲ್ಲಷ್ಟೇ ಸಿಗುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಎಚ್. ಎಸ್. ಸ್ಪಾಸಿಲ್ 1960ರ ದಶಕದಲ್ಲಿ ನಿಕ್ಕಲ್ ಮತ್ತು ಜಿರ್ಕೋನಿಯದ ಪುಡಿಗಳನ್ನು ಬೆರೆಸಿ ಬೇಯಿಸಿದ ಆನೋಡ್ ರೂಪಿಸಿದರು. ಮೊದಲು ನಿಕ್ಕಲ್ ಆಕ್ಸೈಡ್ ಬೆರೆಸಿ ಬೇಯಿಸುವುದು, ಆಮೇಲೆ ಜಲಜನಕ ಹಾಯಿಸುವುದು. ಆಕ್ಸೈಡು ಲೋಹವಾಗುವಾಗ ಕುಗ್ಗಿ ತನ್ನಷ್ಟಕ್ಕೆ ರಂಧ್ರ ಬಿಡುತ್ತದೆ. ಮೂರೂ ಕೂಡುವ ಬಿಂದುಗಳು ಆನೋಡಿನ ಆಳದವರೆಗೆ ಹರಡುತ್ತವೆ. ಇಂದಿಗೂ ಬಹುಪಾಲು ಕೋಶಗಳ ಆನೋಡ್ ಇದೇ ಬಗೆಯದು. ಆದರೆ ಸಾವಿರಾರು ಗಂಟೆಯ ಬಿಸಿಯಲ್ಲಿ ನಿಕ್ಕಲ್ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಬಿಂದುಗಳ ಸಂಖ್ಯೆ ಇಳಿಯುತ್ತದೆ. ಇಂಧನ ನಿಂತು ಗಾಳಿ ನುಗ್ಗಿದರೆ ನಿಕ್ಕಲ್ ಮತ್ತೆ ಆಕ್ಸೈಡಾಗಿ ಉಬ್ಬಿ ಮೇಲಿನ ಜಿರ್ಕೋನಿಯವನ್ನೇ ಸೀಳಬಹುದು. ಇಂಧನದಲ್ಲಿ ಗಂಧಕ ಹತ್ತು ಲಕ್ಷಕ್ಕೆ ಕೆಲವೇ ಪಾಲಿದ್ದರೂ ನಿಕ್ಕಲ್ ಮಂಕಾಗುತ್ತದೆ.

ಇನ್ನು ಲೋಹದ ತಟ್ಟೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೇಲಿನ ಕ್ರೋಮಿಯಮ್ ಆಕ್ಸೈಡ್ ಪದರದಿಂದ. ಕೋಶದ ಬಿಸಿಯಲ್ಲಿ, ಗಾಳಿಯ ತೇವದಲ್ಲಿ, ಆ ಪದರ ಅತ್ಯಲ್ಪ ಪ್ರಮಾಣದಲ್ಲಿ ಆವಿಯಾಗಿ ಎದುರಿನ ಕ್ಯಾಥೋಡಿಗೆ ಹೋಗಿ ಕೂರುತ್ತದೆ. ಉಕ್ಕನ್ನು ಕಾಯುವ ಪದರವೇ ಕ್ಯಾಥೋಡಿಗೆ ವಿಷ. ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದ ಲೋಹವಿಜ್ಞಾನಿಗಳು ಇದಕ್ಕೆಂದೇ ಒಂದು ಹೊಸ ಉಕ್ಕಿನ ಮಿಶ್ರಣವನ್ನು ರೂಪಿಸಬೇಕಾಯಿತು.

ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಕೂಡುಗೆರೆಯನ್ನೇ ಕಡಿಮೆ ಮಾಡುವ ದಾರಿ ಹಿಡಿಯಿತು. ಚಪ್ಪಟೆ ತಟ್ಟೆ ಬಿಟ್ಟು, ಒಂದು ತುದಿ ಮುಚ್ಚಿದ ಒಂದೂವರೆ ಮೀಟರ್ ಉದ್ದದ ಸಿರಾಮಿಕ್ ಕೊಳವೆ ಮಾಡಿದರು. ಗಾಳಿ ಒಳಗೆ, ಇಂಧನ ಹೊರಗೆ. ಬಿಸಿ ಭಾಗದಲ್ಲಿ ಬೆಸುಗೆಯೇ ಬೇಡ. ಸುಭಾಷ್ ಸಿಂಘಾಲ್ ಅಲ್ಲಿನ ಇಂಧನ ಕೋಶ ವಿಭಾಗವನ್ನು ಮುನ್ನಡೆಸುತ್ತಿದ್ದಾಗ ರೂಪುಗೊಂಡ 100 ಕಿಲೋವಾಟ್ ಘಟಕ 1990ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ವೆಸ್ಟರ್‌ವೂರ್ಟ್‌ನಲ್ಲಿ 16,000 ಗಂಟೆಗೂ ಮೀರಿ ನಡೆದು, ಶೇ 46ರ ದಕ್ಷತೆ ತೋರಿತು. ಆದರೆ ಉದ್ದ ಕೊಳವೆಯಲ್ಲಿ ಕರೆಂಟು ಸುತ್ತಿ ಬರಬೇಕು, ತಯಾರಿಕೆಯೂ ದುಬಾರಿ. ಬೆಸುಗೆಯ ತೊಂದರೆ ಹೋಯಿತು, ಬದಲಿಗೆ ಖರ್ಚು ಬಂತು.

ಮತ್ತೊಂದು ದಾರಿ ಬಿಸಿಯನ್ನೇ ಇಳಿಸುವುದು. ಉಷ್ಣತೆ ಕಡಿಮೆಯಾದರೆ ಕ್ರೋಮಿಯಮ್ ಹಾರುವುದು, ನಿಕ್ಕಲ್ ದಪ್ಪವಾಗುವುದು, ಪದರಗಳು ಒಂದನ್ನೊಂದು ತಿನ್ನುವುದು ಎಲ್ಲವೂ ನಿಧಾನ. ಅಯಾನಿನ ಓಟವೂ ನಿಧಾನವಾಗುತ್ತದಲ್ಲ? ಅದಕ್ಕೆ ಎಲೆಕ್ಟ್ರೋಲೈಟನ್ನು ತೆಳು ಮಾಡಿದರು. ದಪ್ಪ ಆನೋಡಿನ ಮೇಲೆ ಹತ್ತು ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದ, ಜಿರ್ಕೋನಿಯ ಹೊದಿಸಿ 700 ಡಿಗ್ರಿಯಲ್ಲಿ ನಡೆಸುವುದು ಸಾಧ್ಯವಾಯಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಬ್ರಯನ್ ಸ್ಟೀಲ್ ಪದಾರ್ಥವನ್ನೇ ಬದಲಿಸಿದರು. ಗ್ಯಾಡೋಲಿನಿಯಮ್ ಬೆರೆಸಿದ ಸೀರಿಯದಲ್ಲಿ 500–600 ಡಿಗ್ರಿಗೇ ಆಮ್ಲಜನಕ ಚೆನ್ನಾಗಿ ಸಾಗುತ್ತದೆ, ಮಾಮೂಲಿ ಬಗೆಯ ಸ್ಟೀಲ್ ಹಾಳೆಯ ಮೇಲೆಯೇ ಕೋಶ ಕಟ್ಟಬಹುದು. ಆ ಕೆಲಸದಿಂದ 2001ರಲ್ಲಿ ಸೆರೆಸ್ ಪವರ್ ಕಂಪನಿ ಹುಟ್ಟಿತು.

ಯಾವ ಪದರ ಕೆಟ್ಟಿದೆ?

ಕೋಶದ ವೋಲ್ಟೇಜ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ. ಒಳಗೆ 700 ಡಿಗ್ರಿ, ಬಿಚ್ಚಿ ನೋಡುವಂತಿಲ್ಲ. ತಪ್ಪು ಯಾರದು ಎಂದು ಕಂಡುಹಿಡಿಯುವುದು ಹೇಗೆ? ಪ್ರಯೋಗಾಲಯಗಳಲ್ಲಿ ಇದಕ್ಕೆ ಇಂಪಿಡೆನ್ಸ್, ಅಂದರೆ ಎಸಿ ವಿದ್ಯುತ್ತಿಗೆ ಎದುರಾಗುವ ತಡೆ, ಅಳೆಯುತ್ತಾರೆ. ಕೋಶಕ್ಕೆ ಸಣ್ಣ ಎಸಿ ಸಂಕೇತ ಕೊಟ್ಟು ಅದರ ಆವರ್ತನವನ್ನು ಸೆಕೆಂಡಿಗೆ ಹತ್ತು ಲಕ್ಷದಿಂದ ಒಂದಕ್ಕೂ ಕೆಳಗಿನವರೆಗೆ ಇಳಿಸುತ್ತ ಹೋಗುತ್ತಾರೆ. ಹರಳಿನೊಳಗಿನ ಅಯಾನು ಅತಿ ವೇಗದ ತುಯ್ದಾಟಕ್ಕೂ ಸ್ಪಂದಿಸುತ್ತದೆ. ಹರಳುಕಣಗಳ ನಡುವಿನ ಗಡಿ ಅದಕ್ಕಿಂತ ನಿಧಾನ, ಎಲೆಕ್ಟ್ರೋಡಿನ ರಾಸಾಯನಿಕ ಕ್ರಿಯೆ ಇನ್ನೂ ನಿಧಾನ, ರಂಧ್ರಗಳಲ್ಲಿ ಅನಿಲದ ಓಡಾಟ ಎಲ್ಲಕ್ಕಿಂತ ನಿಧಾನ. ಹೀಗೆ ಒಂದೊಂದರ ತಡೆಯೂ ನಕ್ಷೆಯಲ್ಲಿ ಒಂದೊಂದು ಕಮಾನಾಗಿ ಬೇರೆ ನಿಲ್ಲುತ್ತದೆ. ಜಿರ್ಕೋನಿಯದ ಮೇಲೆ ಈ ವಿಧಾನವನ್ನು 1969ರಲ್ಲಿ ಪ್ರಯೋಗಿಸಿ ತೋರಿಸಿದವರು ವೆಸ್ಟಿಂಗ್‌ಹೌಸ್‌ನ ಜೆ. ಇ. ಬಾವರ್ಲಿ. ಇಂದು ಈ ವಿಷಯದಲ್ಲಿ ಪಿಎಚ್.ಡಿ. ಮಾಡುವ ವಿದ್ಯಾರ್ಥಿ ಮೊದಲು ಕಲಿಯುವುದೇ ಆ ಕಮಾನುಗಳನ್ನು ಓದುವುದನ್ನು. ಬಹಳ ಸಲ ಜಿರ್ಕೋನಿಯದ ಕಮಾನು ಚಿಕ್ಕದಾಗಿಯೇ ಇರುತ್ತದೆ, ಉಬ್ಬಿರುವುದು ಗಡಿಗಳದು.

ಗಡಿಗಳನ್ನು ಪಳಗಿಸಿದರೆ ಏನಾಗಬಹುದು ಎಂಬುದಕ್ಕೆ ಯೂಲಿಷ್‌ನಲ್ಲೇ ಪುರಾವೆ ಇದೆ. 2007ರ ಆಗಸ್ಟಿನಲ್ಲಿ 700 ಡಿಗ್ರಿಗೆ ಏರಿಸಿ ಚಾಲೂ ಮಾಡಿದ ಒಂದು ಚಿಕ್ಕ ಸ್ಟ್ಯಾಕ್ 2019ರ ಆರಂಭದಲ್ಲಿ ಒಂದು ಲಕ್ಷ ಗಂಟೆ ಮುಟ್ಟಿತು. ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯ ಅವಧಿ ಮೂರ್ನಾಲ್ಕು ವರ್ಷ. ಈ ಪ್ರಯೋಗ ಅಂಥ ಮೂರು ಪೀಳಿಗೆ ಕಂಡಿತು.

ತಿರುಗಿಸಿ ಓಡಿಸಿದಾಗ

ಕೋಶದಿಂದ ಕರೆಂಟು ತೆಗೆಯುವ ಬದಲು ಅದಕ್ಕೇ ಕರೆಂಟು ಕೊಟ್ಟರೆ ಎಲ್ಲವೂ ಹಿಮ್ಮುಖ. ಹಬೆ ಒಡೆದು ಜಲಜನಕ ಒಂದು ಕಡೆ ಉಳಿಯುತ್ತದೆ, ಆಮ್ಲಜನಕ ಜಿರ್ಕೋನಿಯ ದಾಟಿ ಇನ್ನೊಂದು ಕಡೆ ಬರುತ್ತದೆ. ಮಧ್ಯಾಹ್ನದ ಸೌರ ವಿದ್ಯುತ್ತು ಹೆಚ್ಚಾದಾಗ ಜಲಜನಕ ಮಾಡಿಟ್ಟು, ರಾತ್ರಿ ಅದೇ ಕೋಶದಲ್ಲಿ ಅದನ್ನು ಕರೆಂಟಾಗಿಸಬಹುದು. ನೀರನ್ನು ಒಡೆಯಲು ಬೇಕಾದ ಶಕ್ತಿಯಲ್ಲಿ ಒಂದಷ್ಟನ್ನು ಶಾಖವೇ ಕೊಡುವುದರಿಂದ ತಣ್ಣನೆಯ ನೀರನ್ನು ಒಡೆಯುವುದಕ್ಕಿಂತ ಇಲ್ಲಿ ವಿದ್ಯುತ್ತಿನ ಖರ್ಚು ಕಡಿಮೆ. ಉಕ್ಕು, ಗೊಬ್ಬರದ ಕಾರ್ಖಾನೆಗಳಲ್ಲಿ ವ್ಯರ್ಥವಾಗುವ ಹಬೆ ಇಲ್ಲಿ ಕಚ್ಚಾ ಮಾಲು.

ಇದನ್ನು ಅತಿ ದೂರದಲ್ಲಿ ಮಾಡಿ ತೋರಿಸಿದ್ದು ಮಂಗಳ ಗ್ರಹದಲ್ಲಿ. ನಾಸಾದ ಪರ್ಸೆವೆರೆನ್ಸ್ ರೋವರ್ ಹೊತ್ತೊಯ್ದ ಮಾಕ್ಸಿ ಎಂಬ ಪೆಟ್ಟಿಗೆಯಲ್ಲಿ ಜಿರ್ಕೋನಿಯದ ಕೋಶಗಳ ಸ್ಟ್ಯಾಕ್ ಇತ್ತು. ಅಲ್ಲಿನ ಗಾಳಿ ಬಹುತೇಕ ಕಾರ್ಬನ್ ಡೈಆಕ್ಸೈಡ್. 2021ರ ಏಪ್ರಿಲ್ 20ರಂದು ಸ್ಟ್ಯಾಕನ್ನು 800 ಡಿಗ್ರಿಗೆ ಕಾಯಿಸಿ, ಆ ಗಾಳಿಯಿಂದ ಸುಮಾರು 5 ಗ್ರಾಂ ಆಮ್ಲಜನಕ ಬೇರ್ಪಡಿಸಿದರು. 2023ರಲ್ಲಿ ಪ್ರಯೋಗ ಮುಗಿಯುವಷ್ಟರಲ್ಲಿ 16 ಬಾರಿ ಓಡಿಸಿ ಒಟ್ಟು 122 ಗ್ರಾಂ ಪಡೆದಿದ್ದರು. ಇಂಥ ಆಮ್ಲಜನಕ ಯಂತ್ರದ ಮೇಲೆ ಹಿಂದೆ ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಭಾರತದಿಂದ ಹೋದ ಕೆ. ಆರ್. ಶ್ರೀಧರ್ ಒಬ್ಬರು. ಆ ಯೋಜನೆ ಮುಂದುವರಿಯದಿದ್ದಾಗ ಅವರು ಯಂತ್ರವನ್ನು ಉಲ್ಟಾ ಮಾಡಿ ಭೂಮಿಯಲ್ಲಿ ಕರೆಂಟು ಉತ್ಪಾದಿಸಲು ಹೊರಟರು. ಅದೇ ಇಂದಿನ ಬ್ಲೂಮ್ ಎನರ್ಜಿ.

ಬ್ಯಾಟರಿಗೂ ಅದೇ ಪಾಠ

ಆಮ್ಲಜನಕದ ಬದಲು ಸೋಡಿಯಮ್ ಅಥವಾ ಲಿಥಿಯಮ್ ಅಯಾನು ಸಾಗುವ ಗಟ್ಟಿ ಪದಾರ್ಥ ಸಿಕ್ಕರೆ ಶಕ್ತಿಯನ್ನು ಬ್ಯಾಟರಿಯಲ್ಲಿ ಕೂಡಿಡಬಹುದು. 1960ರ ದಶಕದ ಉತ್ತರಾರ್ಧದಲ್ಲಿ ಫೋರ್ಡ್ ಮೋಟಾರ್ ಕಂಪನಿಯ ಜೋಸೆಫ್ ಕಮ್ಮರ್ ಮತ್ತು ನೀಲ್ ವೆಬರ್ ಅಂಥದ್ದನ್ನು ಕಂಡುಕೊಂಡರು. ಬೀಟಾ ಅಲ್ಯುಮಿನ ಎಂಬ ಆ ಸಿರಾಮಿಕ್ಕಿನಲ್ಲಿ ಅಲ್ಯುಮಿನದ, ಅಂದರೆ ಅಲ್ಯುಮಿನಿಯಮ್ ಆಕ್ಸೈಡಿನ, ಅಟ್ಟಗಳ ನಡುವೆ ಸಡಿಲವಾದ ಸಮತಲಗಳಿವೆ. ಸೋಡಿಯಮ್ ಅಲ್ಲಿ ಸಲೀಸಾಗಿ ಜಾರುತ್ತದೆ. ಒಂದು ಬದಿಗೆ ಸೋಡಿಯಮ್, ಇನ್ನೊಂದಕ್ಕೆ ಗಂಧಕ, ನಡುವೆ ಈ ಕೊಳವೆ. ಇದು ಸುಮಾರು 300–350 ಡಿಗ್ರಿಯಲ್ಲಿ ನಡೆಯುವ ಬ್ಯಾಟರಿ. ಇಷ್ಟು ಬಿಸಿ ಏಕೆ? ಎರಡೂ ಕರಗಿ ದ್ರವವಾಗಿರಲಿ ಎಂದು. ದ್ರವ ಗಟ್ಟಿ ಮೈಗೆ ಎಲ್ಲಿಯೂ ಎಡೆಬಿಡದೆ ಅಂಟಿ ನಿಲ್ಲುತ್ತದೆ. ಕಡಿಮೆ ಬಿಸಿಯಲ್ಲಿ ಸೋಡಿಯಮ್ ಕರಗಿದ್ದರೂ ಸಿರಾಮಿಕ್ಕಿನ ಮೇಲೆ ಹರಡದೆ ಗುಂಡಗೆ ನಿಲ್ಲುತ್ತದೆ. ಇಲ್ಲಿ ಶಾಖದ ಬಹುಪಾಲು ಖರ್ಚಾಗುವುದು ಗಡಿಗೇ.

ಜಪಾನಿನ ಎನ್‌ಜಿಕೆ ಕಂಪನಿ ಟೋಕಿಯೊ ವಿದ್ಯುತ್ ಕಂಪನಿಯೊಡನೆ ಇದನ್ನು ದೊಡ್ಡ ಪ್ರಮಾಣಕ್ಕೆ ತಂದಿತು. ರೊಕ್ಕಶೊ ಊರಿನ 51 ಮೆಗಾವಾಟ್ ಗಾಳಿ ವಿದ್ಯುತ್ ಕೇಂದ್ರಕ್ಕೆ 34 ಮೆಗಾವಾಟಿನ ಇಂಥ ಬ್ಯಾಟರಿ ಜೋಡಿಸಿದರು. 2011ರ ಸೆಪ್ಟೆಂಬರಿನಲ್ಲಿ ಇಬರಾಕಿ ಪ್ರಾಂತ್ಯದಲ್ಲಿ ಒಂದು ಘಟಕಕ್ಕೆ ಬೆಂಕಿ ಬಿತ್ತು. ಒಂದು ಕೋಶ ಸೋರಿ, ಸೋರಿದ್ದು ಪಕ್ಕದವಕ್ಕೆ ತಾಗಿ, ಶಾರ್ಟ್ ಆಗಿ ಹಬ್ಬಿತ್ತು. ಕೆಟ್ಟ ಕೋಶ ಒಂದೇ. ಅನಾಹುತ ಬೆಳೆದದ್ದು ಕೋಶದಿಂದ ಕೋಶಕ್ಕೆ.

ಕಾರಿಗೂ ಫೋನಿಗೂ 300 ಡಿಗ್ರಿ ಆಗದು. ಕೋಣೆಯ ಉಷ್ಣತೆಯಲ್ಲೇ ಲಿಥಿಯಮ್ ಸಾಗುವ ಸಿರಾಮಿಕ್ ಬೇಕಿತ್ತು. ಇಲ್ಲಿ ಬೆಂಗಳೂರಿನ ನಂಟು ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ ಘನಸ್ಥಿತಿ ರಸಾಯನವಿಜ್ಞಾನ ಓದಿ ಪಿಎಚ್.ಡಿ. ಪಡೆದ ವೆಂಕಟರಾಮನ್ ತಂಗದುರೈ, ಜರ್ಮನಿಯ ಕೀಲ್‌ನಲ್ಲಿ ವರ್ನರ್ ವೆಪ್ನರ್ ಅವರ ಬಳಗ ಸೇರಿದರು. 2003ರಲ್ಲಿ ಅವರು ಗಾರ್ನೆಟ್ ಖನಿಜದಂಥ ಹರಳಿನ ರಚನೆಯ ಆಕ್ಸೈಡುಗಳಲ್ಲಿ ಲಿಥಿಯಮ್ ಚುರುಕಾಗಿ ಸಾಗುವುದನ್ನು ವರದಿ ಮಾಡಿದರು. 2007ರಲ್ಲಿ ರಾಮಸ್ವಾಮಿ ಮುರುಗನ್ ಜೊತೆಗೂಡಿ ಲಿಥಿಯಮ್, ಲ್ಯಾಂಥನಮ್, ಜಿರ್ಕೋನಿಯಮ್ ಸೇರಿದ ಗಾರ್ನೆಟ್ ಬಂತು. ಹಿಂದಿನವುಗಳಿಗಿಂತ ಚುರುಕು, ಲಿಥಿಯಮ್ ಲೋಹ ತಾಗಿದರೂ ಗಟ್ಟಿಯಾಗಿ ನಿಲ್ಲುತ್ತದೆ. ತಂಗದುರೈ ಮುಂದೆ ಕೆನಡಾದ ಕ್ಯಾಲ್ಗರಿಯಲ್ಲಿ ಕಟ್ಟಿದ ಪ್ರಯೋಗಾಲಯದಲ್ಲಿ ಅಧಿಕ ಉಷ್ಣತೆಯ ಇಂಧನ ಕೋಶವೂ ಗಾರ್ನೆಟ್ ಬ್ಯಾಟರಿಯೂ ಒಟ್ಟಿಗೆ ನಡೆದವು. ಎರಡಕ್ಕೂ ಬೇಕಾದ ವಿದ್ಯೆ ಒಂದೇ ತಾನೆ.

ಗಾರ್ನೆಟ್ಟಿನಲ್ಲೂ ಕೊರತೆಯೇ ಉಪಕಾರಿ. ಶುದ್ಧ ರೂಪದಲ್ಲಿ ಲಿಥಿಯಮ್ ಅಚ್ಚುಕಟ್ಟಾಗಿ ತನ್ನ ತನ್ನ ಸ್ಥಾನದಲ್ಲಿ ಕೂತು, ವಾಹಕತೆ ನೂರು ಪಟ್ಟು ಇಳಿಯುತ್ತದೆ. 2007ರ ಮಾದರಿ ಅಷ್ಟು ಚುರುಕಾಗಿದ್ದಕ್ಕೆ ಕಾರಣ ಆಮೇಲೆ ತಿಳಿಯಿತು: ಬೇಯಿಸಲು ಬಳಸಿದ ಅಲ್ಯುಮಿನದ ಮೂಸೆಯಿಂದ ಒಂದಿಷ್ಟು ಅಲ್ಯುಮಿನಿಯಮ್ ಯಾರ ಅರಿವಿಗೂ ಬಾರದೆ ಒಳಗೆ ಸೇರಿ, ಲಿಥಿಯಮ್ ಸ್ಥಾನಗಳನ್ನು ತೆರವು ಮಾಡಿತ್ತು. ಇಂದು ಅದನ್ನು ಅಳೆದೇ ಹಾಕುತ್ತಾರೆ.

ಮತ್ತೆ ಎದುರಾದದ್ದು ಗಡಿ. ಗಾರ್ನೆಟ್ ಗಾಳಿಗೆ ತೆರೆದಿದ್ದರೆ ಮೇಲೆ ಲಿಥಿಯಮ್ ಕಾರ್ಬೊನೇಟಿನ ಪೊರೆ ಕಟ್ಟುತ್ತದೆ. ಲಿಥಿಯಮ್ ಲೋಹ ಅದಕ್ಕೆ ಅಂಟುವುದಿಲ್ಲ. ಅಲ್ಲಲ್ಲಿ ಮಾತ್ರ ತಾಗಿದಾಗ ಕರೆಂಟು ಅಲ್ಲೇ ಕಿಕ್ಕಿರಿದು, ಲಿಥಿಯಮ್ ಎಳೆಗಳಾಗಿ ಸಿರಾಮಿಕ್ಕಿನ ಕಣಗಳ ಸಂದಿಯಲ್ಲಿ ನುಗ್ಗುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹು ಮತ್ತು ಎರಿಕ್ ವಾಕ್ಸ್‌ಮನ್ ಬಳಗ, ತಂಗದುರೈ ಸಹಯೋಗದಲ್ಲಿ, 2017ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸೊಗಸಾದ ಉತ್ತರ. ಗಾರ್ನೆಟ್ಟಿನ ಮೇಲೆ ಕೆಲವೇ ನ್ಯಾನೋಮೀಟರ್ ಅಲ್ಯುಮಿನ ಲೇಪಿಸಿದರು. ಒಂದು ಚದರ ಸೆಂಟಿಮೀಟರ್ ವಿಸ್ತೀರ್ಣದಲ್ಲಿ 1,710 ಓಮ್ ಇದ್ದ ಗಡಿಯ ತಡೆ 1 ಓಮಿಗೆ ಇಳಿಯಿತು. ಪದಾರ್ಥ ಅದೇ, ಬದಲಾದದ್ದು ಮೇಲ್ಮೈ ಮಾತ್ರ. ವಾಕ್ಸ್‌ಮನ್ ಅದಕ್ಕೂ ಮುನ್ನ ದಶಕಗಳ ಕಾಲ ಇಂಧನ ಕೋಶದ ಎಲೆಕ್ಟ್ರೋಲೈಟುಗಳ ಮೇಲೆ ಕೆಲಸ ಮಾಡಿದ್ದವರು. ನಡುವೆ ದಟ್ಟ ತೆಳುಪದರ, ಇಕ್ಕೆಲಗಳಲ್ಲಿ ರಂಧ್ರಮಯ ಪದರ ಎಂಬ ಇಂಧನ ಕೋಶದ ವಿನ್ಯಾಸವನ್ನೇ ಅವರು ಗಾರ್ನೆಟ್ ಬ್ಯಾಟರಿಗೆ ತಂದರು. ರಂಧ್ರಗಳಲ್ಲಿ ಲಿಥಿಯಮ್ ತುಂಬಿದರೆ ಮುಟ್ಟುವ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ.

ಹೊಸ ಬ್ಯಾಟರಿ ಬಂತು, ಹೊಸ ಇಂಧನ ಕೋಶ ಬಂತು ಎಂಬ ಸುದ್ದಿ ಪದೇ ಪದೇ ಓದುತ್ತೇವೆ. ಸುದ್ದಿಯಲ್ಲಿ ಸಾಮಾನ್ಯವಾಗಿ ಇರುವುದು ಪದಾರ್ಥದ ಹೆಸರು ಮತ್ತು ಅದರ ವಾಹಕತೆ. ಅವು ಸುಳ್ಳಲ್ಲ, ಆದರೆ ಅಷ್ಟರಿಂದ ತೀರ್ಪು ಕೊಡಲಾಗದು. ಪಕ್ಕದ ಪದರದ ಜೊತೆ ಕೂಡಿಸಿ ಅಳೆದಿದ್ದಾರೆಯೇ, ಎಷ್ಟು ಗಂಟೆ ಓಡಿಸಿದ್ದಾರೆ, ಎಷ್ಟು ಬಾರಿ ಕಾಯಿಸಿ ತಣಿಸಿದ್ದಾರೆ ಎಂದು ಕೇಳಬೇಕು. ಬಾವರ್ ಮತ್ತು ಪ್ರೈಸ್ ಕೈಯಲ್ಲಿ 1937ರಲ್ಲೇ ಸರಿಯಾದ ಎಲೆಕ್ಟ್ರೋಲೈಟ್ ಇತ್ತು. ಯೂಲಿಷ್‌ನ ಲಕ್ಷ ಗಂಟೆಗೆ ತಲುಪಲು ಮತ್ತೆ 80 ವರ್ಷ ಹಿಡಿಯಿತು. ಗಾರ್ನೆಟ್ ಬ್ಯಾಟರಿಗೆ ಅಷ್ಟು ಕಾಲ ಬೇಡವಾದೀತು, ಏಕೆಂದರೆ ಗಡಿಯಲ್ಲಿ ಏನೇನು ಕೆಡಬಹುದು ಎಂಬ ಪಟ್ಟಿ ಇಂಧನ ಕೋಶದವರ ಬಳಿ ಈಗಾಗಲೇ ಇದೆ.